ಮೂಕಿ ಚಿತ್ರದ ಕತೆಗಾರ್ತಿಯೂ ನಾನೂ

ನಾನು ನೋಡಿದ ಇಂಗ್ಲಿಷ್ ಪಿಕ್ಚರುಗಳಲ್ಲಿ ಒಂದರ ಕತೆಯೂ ನನಗೆ ಗೊತ್ತಿಲ್ಲ. ಆದರೂ ಎಲ್ಲವನ್ನೂ ಹೇಳಿದ್ದೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ತೆರೆಯ ಮೇಲಿನವರು ಎಷ್ಟೇ ಮಾತಾಡಿದರೂ ನನ್ನ ಪಾಲಿಗೆ ಅವು ಮೂಕಿ ಚಿತ್ರಗಳೇ.

ಹೇಳುತ್ತಿದ್ದುದು ದಾವಣಗೆರೆಯ ಬಟ್ಟೆ ಮಿಲ್ಲಿನಲ್ಲಿ, ಮಗ್ಗಗಳ ನಡುವೆ. ಅಲ್ಲಿಯ ಸದ್ದಿನಲ್ಲಿ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳದು. ಹಾಗಾಗಿ ನಾವೆಲ್ಲ ಕೈಯಲ್ಲಿ, ಹುಬ್ಬಿನಲ್ಲಿ, ತುಟಿಯಲ್ಲಿ ಮಾತಾಡುತ್ತಿದ್ದೆವು. ಭಾನುವಾರ ನೋಡಿದ್ದನ್ನು ಸೋಮವಾರ ಪಕ್ಕದ ಮಗ್ಗದ ರುದ್ರಪ್ಪನಿಗೆ ಹೀಗೇ ತೋರಿಸುತ್ತಿದ್ದೆ. ನೂಲು ಹರಿದರೆ ಇಂಟರ್‌ವೆಲ್. ಅರ್ಥವಾಗದ ಕಡೆ ನಾನೇ ಸೇರಿಸುತ್ತಿದ್ದೆ. ನನ್ನ ಕೈಯಲ್ಲಿ ದೊರೆಸಾನಿಯರು ರೊಟ್ಟಿ ಬಡಿದರು, ಕುದುರೆ ಸವಾರರು ಮಂಡಕ್ಕಿ ಮೆಣಸಿನಕಾಯಿ ತಿಂದರು. ಒಮ್ಮೆ ರುದ್ರಪ್ಪ ತಾನೇ ಹೋಗಿ ಪಿಕ್ಚರ್ ನೋಡಿ ಬಂದು ಗೇಟಿನ ಹತ್ತಿರ ನನ್ನನ್ನು ತರುಬಿದ.

"ಲೇ ಬಸಣ್ಣ, ನೀ ಹೇಳಿದ್ದು ಅದ್ರಾಗೆ ಒಂದೂ ಇಲ್ಲ ಕಣಲೇ! ಆ ಹೀರೋಗೆ ತಂಗೀನೇ ಇಲ್ಲ!"

ನಾನು ತಲೆ ತಗ್ಗಿಸಿದೆ.

"ಇರ್ಲಿ ಬಿಡು, ನಿಂದೇ ಚಲೋ ಐತೆ" ಎಂದ.

ಇದು ನಮ್ಮ ಓಣಿಯ ಮೇಷ್ಟ್ರ ಕಿವಿಗೂ ಬಿತ್ತು. "ನಿನ್ನಂಥೋಳೇ ಒಬ್ಬಾಕಿ ಹಾಲಿವುಡ್ಡಿನಾಗೆ ಇದ್ಲು, ಕೂಡ್ರೋ" ಎಂದು ಇಂಗ್ಲಿಷ್ ವಾರಪತ್ರಿಕೆಯೊಂದನ್ನು ಓದಿ ಹೇಳಿದರು. ಸಿನಿಮಾಕ್ಕೆ ಮಾತು ಬರುವ ಮುಂಚಿನ ಕಾಲ. ಸ್ಟುಡಿಯೋದಲ್ಲಿ ಟೈಪು ಹೊಡೆಯಲು ಸೇರಿದವಳು, ಬೇರೆಯವರ ಕತೆ ತಿದ್ದುತ್ತ ತಿದ್ದುತ್ತ ತಾನೇ ಬರೆಯತೊಡಗಿದಳಂತೆ. ಎಷ್ಟೋ ಚಿತ್ರಗಳಲ್ಲಿ ಅವಳ ಹೆಸರೇ ಇಲ್ಲ. ಇದ್ದಲ್ಲಿಯೂ ರೆಪ್ಪೆ ಮಿಟುಕಿಸುವಷ್ಟರಲ್ಲಿ ಮಾಯ. ಮಾತು ಬಂದ ಮೇಲೆ ಸ್ಟುಡಿಯೋದವರು ನಾಟಕ ಬರೆಯುವವರನ್ನು ಕರೆಸಿದರು, ಅವಳನ್ನು ಮರೆತರು. ಮೇಷ್ಟ್ರು ಹೇಳಿದ ಅವಳ ಹೆಸರು ನನ್ನ ನಾಲಿಗೆಗೆ ಅಂದೂ ಹೊರಳಲಿಲ್ಲ, ಇಂದೂ ಹೊರಳದು. ಆದರೆ ಅಂದಿನಿಂದ ನನ್ನ ಹೆಸರೂ ಎಲ್ಲಾದರೂ ಒಂದು ಗಳಿಗೆ ಕಾಣಬೇಕೆಂಬ ಆಸೆ ಹತ್ತಿತು.

ಬರೆದೆ. ಸಾರಥಿ ಎಂಬ ಹಳ್ಳಿಯ ಒಬ್ಬ ಹೆಂಗಸು. ಮಿಲಿಟರಿಗೆ ಹೋದ ಗಂಡನ ಸುದ್ದಿಯಿಲ್ಲ. ಬಂದರೆ ಇರಲಿ ಎಂದು ದಿನವೂ ಎರಡು ರೊಟ್ಟಿ ಹೆಚ್ಚು ಬಡಿಯುತ್ತಾಳೆ. ಇನ್ನು ಸಾಕೆಂದು ಬಿಟ್ಟ ದಿನವೇ ಅವನು ಬಾಗಿಲಿಗೆ ಬರುತ್ತಾನೆ. ಹರಿಹರದಲ್ಲಿ ಬಿಡಾರ ಹೂಡಿದ್ದ ನಾಟಕ ಕಂಪನಿಗೆ ಒಯ್ದೆ. ಮಾಲೀಕರು ಓದಿಸಿ ಕೇಳಿ ಕಣ್ಣೊರೆಸಿಕೊಂಡರು.

"ಆಡ್ತೀವಿ ಬಸಣ್ಣ. ಆದ್ರೆ ಹೆಸರು ನಮ್ಮ ಕವಿಗಳದ್ದು ಹಾಕ್ತೀವಿ. ಮಿಲ್ಲಿನೋನು ಬರ್ದಾನೆ ಅಂದ್ರೆ ಜನ ಬರ್ತಾರೇನು?"

"ಹಂಗಾದ್ರೆ ಬ್ಯಾಡ್ರಿ. ಕೊಡ್ರಿ ಇತ್ತ."

ರೈಲು ಹತ್ತುವಾಗ ಎದೆ ಸೆಟೆದಿತ್ತು. ದಾವಣಗೆರೆಯಲ್ಲಿ ಇಳಿಯುವಷ್ಟರಲ್ಲಿ, ಪಾಪ, ಆ ಹೆಂಗಸನ್ನು ಯಾರಿಗೂ ತೋರಿಸದೆ ಮಡಿಚಿಕೊಂಡು ಬಂದೆನಲ್ಲ ಎನಿಸಿತು. ಹಾಲಿವುಡ್ಡಿನವಳಾಗಿದ್ದರೆ ಕೊಟ್ಟೇ ಬರುತ್ತಿದ್ದಳು.

ಮಾರನೆಯ ದಿನ ರುದ್ರಪ್ಪನಿಗೆ ಆ ಕತೆಯನ್ನೇ ತೋರಿಸಿದೆ. ಅವನ ಮಗ್ಗದಲ್ಲಿ ನೂಲು ಹರಿದರೂ ನೋಡಲಿಲ್ಲ, ಮೇಸ್ತ್ರಿಯಿಂದ ಬೈಸಿಕೊಂಡ. ಕೊನೆಗೆ ಕಣ್ಣು ತುಂಬಿಕೊಂಡು, ಯಾವ ಟಾಕೀಸಿನಾಗೈತೆ ಎಂದು ತುಟಿಯಲ್ಲೇ ಕೇಳಿದ.

ನನ್ನದು ಎನ್ನಲು ಎದೆ ಮುಟ್ಟಿಕೊಂಡರೆ ಸಾಕಿತ್ತು. ಆದರೆ ಹೇಳಿದೊಡನೆ ಅವನು ಆ ಹೆಂಗಸನ್ನು ಬಿಟ್ಟು ನನ್ನನ್ನು ನೋಡತೊಡಗುತ್ತಿದ್ದ. ಟಾಕೀಸಿನಿಂದ ಎತ್ತಿಬಿಟ್ರು ಎಂದು ಕೈ ಬೀಸಿದೆ. ನೋಡದೇ ಹೋದ ಪಿಕ್ಚರಿಗಾಗಿ ರುದ್ರಪ್ಪ ಆ ದಿನವೆಲ್ಲ ಮಂಕಾಗಿದ್ದ; ನಿಜ ಹೇಳಬೇಕೆಂದರೆ, ನಾನೂ.