ಗೋಡೆಯಾಚೆಗೆ ಬಂದ ನಲ್ಲಿ

ಬೆಳಿಗ್ಗೆ ಕರೆಂಟು ಹೋಗಿ ಬಂತು. ಮಗಳ ಮನೆಯ ಗೋಡೆಯ ಮೇಲಿರುವ ಇಂಟರ್ನೆಟ್ ಡಬ್ಬಿ ಮೊದಲು ಕೆಂಪಗಾಯಿತು, ಆಮೇಲೆ ತಾನಾಗಿ ಹಸಿರಾಯಿತು. ಅಷ್ಟರಲ್ಲಿ ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ. ಮೊಮ್ಮಗಳು ನಕ್ಕಳು. "ಅಜ್ಜಿ, ಅದು ತಾನೇ ಸೇರ್ಕೊಳುತ್ತೆ, ಸುಮ್ನೆ ಕೂತ್ಕೊ." ನಿಮಗೂ ನಗು ಬರಬಹುದು. ಆದರೆ ಹಾಗೆ ಎದ್ದು ಓಡುವುದೇ ಒಂದು ಕಾಲಕ್ಕೆ ನನ್ನ ಕೆಲಸವಾಗಿತ್ತು.

ಎಂಬತ್ತರ ದಶಕದ ಕೊನೆ. ರಾಜಾಜಿನಗರದ ಒಂದು ಆಫೀಸಿನಲ್ಲಿ ಕಸ ಗುಡಿಸುತ್ತಿದ್ದೆ. ಓದು ಮೂರನೇ ಕ್ಲಾಸು. ಕಂಪ್ಯೂಟರ್ ರೂಮಿಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ನಮ್ಮ ದೇವರ ಮನೆಗಿಂತ ಅಲ್ಲೇ ಮಡಿ ಜಾಸ್ತಿ. ಬೇರೆ ಊರಿನ ಬ್ರಾಂಚುಗಳ ಕಂಪ್ಯೂಟರು ಫೋನಿನ ಮೂಲಕ ನಮ್ಮದಕ್ಕೆ ಬಂದು ಸೇರುತ್ತಿತ್ತು. ಸೇರುವಾಗ ಮೋಡೆಮ್ ಎಂಬ ಡಬ್ಬಿ, ಬಲೆಗೆ ಸಿಕ್ಕ ಹಂದಿಯಂತೆ ಕಿರುಚುತ್ತಿತ್ತು. ಕಿರುಚಾಟ ನಿಂತ ಮೇಲೆ, ಬಂದ ಕಂಪ್ಯೂಟರಿಗೆ ಒಳಗಿನ ದಾರಿ ತೋರಿಸುವ ಒಂದು ಸಾಲನ್ನು ಯಾರಾದರೂ ಟೈಪು ಮಾಡಬೇಕು. ಯಾರಾದರೂ ಅಂದರೆ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಗಿರಿಜಾ ಮೇಡಂ ಒಬ್ಬರೇ. ಎಲ್ಲದಕ್ಕೂ ಅಧಿಕಾರ ಕೊಡುವ ದೊಡ್ಡ ಪಾಸ್‌ವರ್ಡ್ ಅವರ ಹತ್ತಿರ ಮಾತ್ರ ಇತ್ತು. ಕಿರುಚಾಟ ಕೇಳಿದ ಕೂಡಲೇ ಓಡಿ ಅವರನ್ನು ಕರೆತರುವವಳು ನಾನು. ಎ.ಸಿ. ರೂಮಿನಲ್ಲಿ ಕೂರಲು ಒಂದು ಸ್ಟೂಲು ಕೊಟ್ಟಿದ್ದರು. ಆ ಸ್ಟೂಲಿನ ಜಂಬ ನನಗೆ ಸ್ವಲ್ಪ ಜಾಸ್ತಿಯೇ ಇತ್ತು.

ಮೇಡಂಗೆ ಮೂರು ತಿಂಗಳ ಕೂಸು, ಬಸವೇಶ್ವರನಗರದಲ್ಲಿ ಅವರ ತಾಯಿಯ ಹತ್ತಿರ. ಮಧ್ಯಾಹ್ನ ಹೋಗಿ ಹಾಲು ಕೊಟ್ಟು ಬರೋಣವೆಂದರೆ ಬ್ರಾಂಚಿನವರ ಲೈನು ಆಗಲೇ ಬರುತ್ತಿತ್ತು. ಒಂದು ದಿನ ರವಿಕೆ ಒದ್ದೆಯಾಗಿ, ಸೆರಗು ಹೊದ್ದು ಕೂತಿದ್ದರು.

"ಬೇರೆಯವ್ರಿಗೆ ಪಾಸ್‌ವರ್ಡ್ ಹೇಳಿ ಹೋಗಿ ಮೇಡಂ," ಅಂದೆ.

"ಆಗಲ್ಲ ಅಕ್ಕಾ. ಅದು ಗೊತ್ತಿದ್ರೆ ಇಡೀ ಕಂಪ್ಯೂಟರನ್ನೇ ಅಳಿಸಿ ಹಾಕ್ಬಹುದು. ಮ್ಯಾನೇಜರ್ ಬಿಡಲ್ಲ. ಈ ತಿಂಗಳು ನೋಡ್ತೀನಿ, ಇಲ್ಲಾಂದ್ರೆ ಕೆಲಸ ಬಿಡ್ತೀನಿ."

ನನಗೆ ಮಾರೇನಹಳ್ಳಿಯ ನಮ್ಮ ವಠಾರದ ಓನರಮ್ಮ ನೆನಪಾದಳು. ನಲ್ಲಿ ಇದ್ದದ್ದು ಅವಳ ಮನೆಯೊಳಗೆ. ನೀರು ಬಂದಾಗೆಲ್ಲ ಅವಳೇ ಬಂದು ಬಾಗಿಲು ತೆಗೆಯಬೇಕು. ಬೀಗದ ಕೈ ನಮಗೆ ಕೊಟ್ಟರೆ ಬೆಳ್ಳಿ ಲೋಟ ಹೋದೀತೆಂಬ ಭಯ. ನಮ್ಮ ಮೇಲೆ ನಂಬಿಕೆ ಅಷ್ಟು! ಕೊನೆಗೆ ತೆಗೆದು ತೆಗೆದು ಸಾಕಾಗಿ, ಗೋಡೆ ಕೊರೆಸಿ ಪೈಪು ಎಳೆಸಿ ಆಚೆಗೊಂದು ನಲ್ಲಿ ಹಾಕಿಸಿದಳು. ಈ ಕಥೆಯನ್ನೇ ಮೇಡಂಗೆ ಹೇಳಿದೆ.

"ಬೀಗದ ಕೈ ಯಾಕೆ ಕೊಡ್ತೀರ? ಗೋಡೆಗೆ ತೂತು ಹಾಕಿ, ಆ ಒಂದು ನಲ್ಲಿ ಆಚೆ ಇಡಿ," ಅಂದೆ.

ಮೇಡಂ ಪೆನ್ನು ಕಚ್ಚಿಕೊಂಡು ನನ್ನನ್ನೇ ನೋಡಿದರು. "ಅಕ್ಕಾ, ಇನ್ನೊಂದ್ಸಲ ಹೇಳಿ."

ಒಂದು ವಾರ ಕೂತು ಒಂದು ಪ್ರೋಗ್ರಾಂ ಬರೆದರು. ಲೈನು ಸೇರಿದ ಕೂಡಲೇ ಆ ಒಂದು ಸಾಲು ಮಾತ್ರ, ದೊಡ್ಡ ಪಾಸ್‌ವರ್ಡಿನ ಅಧಿಕಾರದಲ್ಲೇ, ತಾನಾಗಿ ನಡೆಯುವಂತೆ. ಬೇರೆ ಯಾವ ಕೆಲಸಕ್ಕೂ ಆ ತೂತಿನಲ್ಲಿ ಜಾಗವಿಲ್ಲ. ಮ್ಯಾನೇಜರ್ ಪರೀಕ್ಷೆ ಮಾಡಿ ಹೂಂ ಅಂದರು. ಮಾರನೇ ಮಧ್ಯಾಹ್ನ ಡಬ್ಬಿ ಕಿರುಚಿತು. ನಾನು ಅಭ್ಯಾಸದಂತೆ ಓಡಿದೆ. ಮೇಡಂ ಕುರ್ಚಿ ಖಾಲಿ, ಬ್ಯಾಗೂ ಇಲ್ಲ. ವಾಪಸ್ಸು ಬರುವಷ್ಟರಲ್ಲಿ ಕಂಪ್ಯೂಟರು ತನ್ನ ಕೆಲಸ ಮುಗಿಸಿತ್ತು.

"ಇನ್ನು ಕೂಗೋಕೆ ಜನ ಬೇಡವಲ್ಲಮ್ಮ. ಮೇಲಿನ ಮಹಡಿ ಬಾತ್‌ರೂಮು ನೋಡ್ಕೊ," ಅಂದರು ಮ್ಯಾನೇಜರ್.

ಸ್ಟೂಲು ಹೋಯಿತು. ಮೇಡಂ ಮೇಲೆ ಕೋಪ ಬಂತು, ನನ್ನ ಬಾಯಿಯ ಮೇಲೆ ಇನ್ನೂ ಜಾಸ್ತಿ. ತಾನಾಗಿ ನಡೆಯುವ ಯಂತ್ರ ಕಂಡರೆ ಇಷ್ಟು ವರ್ಷವೂ ನನಗೆ ಹೊಟ್ಟೆ ಉರಿಯುತ್ತಿತ್ತು.

ಇವತ್ತು ಮೊಮ್ಮಗಳ ಮಾತಿಗೆ ಮತ್ತೆ ಕೂತೆ. ಡಬ್ಬಿ ಯಾರನ್ನೂ ಕರೆಯದೆ ಹಸಿರಾಗಿತ್ತು. ಅವತ್ತಿನ ಮೇಡಂ ಥರ ಎಲ್ಲೋ ಯಾವಳೋ ತಾಯಿ ಹೊತ್ತಿಗೆ ಸರಿಯಾಗಿ ಕೂಸಿನ ಹತ್ತಿರ ಮನೆ ಸೇರಿರಬೇಕು. ಆಮೇಲೆ ಎದ್ದು, ಸೆರಗಿನಿಂದ ಅದರ ಧೂಳು ಒರೆಸಿದೆ.