ಹಿಮ ಅಳೆದ ಕೈ

ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಐಸು ಕಟ್ಟಿಕೊಂಡು ಬಾಗಿಲೇ ಮುಚ್ಚುತ್ತಿರಲಿಲ್ಲ. ಮೊನ್ನೆ ಸ್ವಿಚ್ ಆರಿಸಿ, ಕೆಳಗೆ ಹಳೆ ಟವೆಲ್ ಹಾಸಿ ಕೆರೆಯಲು ಕುಳಿತೆ. ಒದ್ದೆ ಕೈಯಲ್ಲೇ ಒಳಗಿದ್ದ ಅಲ್ಯೂಮಿನಿಯಂ ತಟ್ಟೆ ಹಿಡಿದೆ ನೋಡಿ, ಬೆರಳು ಗಪ್ಪನೆ ಅಂಟಿಕೊಂಡಿತು. ಬಿಡಿಸಿದರೆ ಬರುತ್ತಿಲ್ಲ. "ಎಳೀಬೇಡಮ್ಮ, ಎಳೆದ್ರೆ ಚರ್ಮ ಅಲ್ಲೇ ಉಳ್ಕೊಳ್ಳುತ್ತೆ" ಎಂದು ಯಾರೋ ಹೇಳಿದ್ದು ನೆನಪಾಯಿತು. ಯಾರೋ ಏನು... ಪಕ್ಕದ ಮನೆಯ ಅಣ್ಣ. ನಾನು ಎಳೆಯಲಿಲ್ಲ. ಇನ್ನೊಂದು ಕೈಯಿಂದ ಚೊಂಬು ತೆಗೆದು ನೀರು ಸುರಿದುಕೊಂಡೆ, ತಾನಾಗಿಯೇ ಬಿಟ್ಟಿತು.

ಎರಡು ಸಾವಿರದ ಇಸವಿ ಕಳೆದ ಹೊಸತು. ನಾನು ಮದುವೆಯಾಗಿ ಶಿಡ್ಲಘಟ್ಟಕ್ಕೆ ಬಂದಿದ್ದೆ. ನಮ್ಮ ಬೀದಿಯಲ್ಲಿ ಮನೆ ಬಿಟ್ಟು ಮನೆಗೆ ರೇಷ್ಮೆ ನೂಲು ಬಿಚ್ಚುವ ಚರಕ. ಬೆಂದ ಹುಳದ ವಾಸನೆಗೆ ಮೊದಲ ವಾರ ನನಗೆ ಊಟ ಸೇರಲಿಲ್ಲ. "ಅನ್ನದ ವಾಸನೆ ಕಣಮ್ಮ ಅದು, ಮೂಗು ಮುಚ್ಕೋಬೇಡ" ಎಂದು ಅತ್ತೆ ಗದರಿದ್ದರು. ಪಕ್ಕದ ಮನೆಯ ಅಕ್ಕ ಹಿತ್ತಲಿನ ಶೆಡ್ಡಿನಲ್ಲಿ ತನ್ನ ತಮ್ಮನ ಚರಕದ ಮುಂದೆ ಕೂರುತ್ತಿದ್ದಳು. ಒಲೆಯ ಮೇಲೆ ಹಬೆಯಾಡುವ ಬಿಸಿನೀರು, ಅದರಲ್ಲಿ ರೇಷ್ಮೆ ಹುಳದ ಗೂಡು. ಬೆರಳು ಅದ್ದಿ ಎಳೆಯ ತುದಿ ಹುಡುಕಿ ಚಕ್ರಕ್ಕೆ ಕೊಡಬೇಕು. ಚಿಕ್ಕ ವಯಸ್ಸಿನಿಂದ ಅದನ್ನೇ ಮಾಡಿ ಅವಳ ಬೆರಳ ತುದಿ ಬೆಳ್ಳಗೆ ಸೀಳಿಹೋಗಿತ್ತು.

ಅವಳ ಗಂಡನನ್ನೇ ನಾನು ಅಣ್ಣ ಅನ್ನುತ್ತಿದ್ದುದು. ಉತ್ತರದ ಹಿಮದ ಬೆಟ್ಟಗಳಲ್ಲಿ ಎಲ್ಲೋ ಕೆಲಸ. ವರ್ಷಕ್ಕೊಮ್ಮೆ ಬರುತ್ತಿದ್ದವರು ಒಂದು ಸಲ ಬಂದು ಹಿಂದಕ್ಕೆ ಹೋಗಲಿಲ್ಲ. ಬೀದಿಯವರು ಮಿಲಿಟರಿ ಅಂದುಕೊಂಡಿದ್ದರು. ಅಲ್ಲ, ಬಿದ್ದ ಹಿಮವನ್ನು ಅಳೆಯುವ ಕೆಲಸ ಎಂದು ತಿಳಿದಾಗ ನಕ್ಕರು. ಐಸು ಅಳೆಯೋಕೂ ಸಂಬಳ ಕೊಡ್ತಾರಾ ಎಂದು ಕೇಳಿದವರಿಗೆಲ್ಲ ಅವರು "ಕೊಡ್ತಿದ್ರಪ್ಪ" ಅನ್ನುತ್ತಿದ್ದರು, ಅಷ್ಟೇ.

ನಾನೂ ಕೇಳಿದವಳೇ. ಅವತ್ತು ಜಗಲಿಯ ಮೇಲೆ ಗೋಣಿತಾಟು ಹಾಸಿ ರಾಗಿ ಹರವಿದ್ದೆ. ಅವರು ಪೊರಕೆಯಿಂದ ಒಂದು ಕಡ್ಡಿ ಕಿತ್ತುಕೊಂಡು ಬಂದು ಕುಳಿತರು.

"ಮೇಲಿಂದ ನೋಡಿ ಹೇಳಮ್ಮ, ರಾಗಿ ಎಷ್ಟು ದಪ್ಪ ಇದೆ?"

"ನಾನೇನು ಕಂಡೆ. ಎಲ್ಲಾ ಒಂದೇ ಸಮ ಇದೆ."

ಅವರು ಕಡ್ಡಿ ಚುಚ್ಚಿದರು. ಒಂದು ಕಡೆ ಎರಡು ಬೆರಳು ಇಳಿಯಿತು. ಜಗಲಿಯ ಕಲ್ಲು ಕುಸಿದಿದ್ದ ಮೂಲೆಯಲ್ಲಿ ಒಂದು ಗೇಣೇ ಇಳಿದುಹೋಯಿತು. "ಸ್ನೋನೂ ಇಷ್ಟೇ. ಉಪಗ್ರಹದಿಂದ ಫೋಟೋ ತೆಗೀತಾರೆ, ಎಲ್ಲೀವರೆಗೆ ಬೆಳ್ಳಗಿದೆ ಅಂತ ನಕ್ಷೆ ಬರೀತಾರೆ. ಆಳ ಎಷ್ಟು ಅಂತ ಮಾತ್ರ ಯಾರಾದ್ರೂ ಅಲ್ಲಿಗೇ ಹೋಗಿ ಚುಚ್ಚಿ ನೋಡ್ಬೇಕು" ಅಂದರು. ಬೆಳಗಾದರೆ ಗುರುತು ಹಾಕಿದ ಕಂಬ ನೋಡಿ ಎತ್ತರ ಬರೆದುಕೊಳ್ಳುವುದು, ಲೋಹದ ಕೊಳವೆಯನ್ನು ನೆಲ ಮುಟ್ಟುವವರೆಗೆ ಇಳಿಸಿ, ಒಳಗೆ ತುಂಬಿದ ಹಿಮವನ್ನು ತೂಗುವುದು. ಬೇಸಿಗೆಗೆ ನದಿಗೆ ಎಷ್ಟು ನೀರು ಬಂದೀತು, ಯಾವ ಇಳಿಜಾರಿನ ಹಿಮ ದಾರಿಯ ಮೇಲೆ ಜಾರಿ ಬಿದ್ದೀತು ಎಂದು ಅದರಿಂದ ಅಂದಾಜು ಮಾಡುತ್ತಿದ್ದರಂತೆ.

ಒಂದು ಬೆಳಗ್ಗೆ ಹಿಮ ಕೊಳವೆಯಲ್ಲೇ ಗಟ್ಟಿಯಾಗಿ ಸಿಕ್ಕಿಕೊಂಡಿತ್ತು. ಕೈಗವಸು ಒದ್ದೆ. ತೆಗೆದಿಟ್ಟು ಬರಿಗೈಯಲ್ಲಿ ಹಿಡಿದರು, ಅಂಟಿಕೊಂಡಿತು, ಎಳೆದರು. ಬೇರೆ ಯಾರದೋ ಕಥೆ ಹೇಳುವ ಹಾಗೆ ಹೇಳಿದರು. ಬಲಗೈಯ ಎರಡು ಬೆರಳಿನ ತುದಿ ಕತ್ತರಿಸಬೇಕಾಯಿತು. ಉಳಿದ ಬೆರಳುಗಳು ನೋಡಲು ಚೆನ್ನಾಗಿಯೇ ಇದ್ದವು. ಆದರೆ ಎರಡೂ ಕೈ ಮರಗಟ್ಟಿಹೋಗಿ, ಮುಟ್ಟಿದ್ದು ಗೊತ್ತಾಗುತ್ತಿರಲಿಲ್ಲ. "ನೋಯುತ್ತಾ ಅಣ್ಣ?" ಅಂದೆ. "ನೋಯೋದು ಗೊತ್ತಾಗ್ಬೇಕಲ್ಲಮ್ಮ" ಅಂದರು.

ಅಕ್ಕ ಆಗ ಬಸುರಿ. ಅಣ್ಣನ ತಲೆಯಲ್ಲಿ ಇದ್ದದ್ದು ಒಂದೇ, ಇವಳನ್ನು ಆ ಒಲೆಯ ಮುಂದಿನಿಂದ ಎಬ್ಬಿಸಬೇಕು. ನಮ್ಮ ಅತ್ತೆಯ ಹತ್ತಿರ ಎಷ್ಟು ಸಲ ಹೇಳಿದ್ದರೋ. "ಮಗು ಆದ್ಮೇಲೆ ಇವಳು ಆ ನೀರಿಗೆ ಕೈ ಹಾಕ್ಬಾರ್ದು, ಅಷ್ಟೇ ನಂಗೆ." ಚಿಕ್ಕಬಳ್ಳಾಪುರ, ಚಿಂತಾಮಣಿ ಎಲ್ಲ ಸುತ್ತಿದರು. ಆ ಕೈ ನೋಡಿ ಯಾರೂ ಕೆಲಸ ಕೊಡಲಿಲ್ಲ. ಕೊನೆಗೆ ದಾರಿ ತೋರಿಸಿದವನು ಅಕ್ಕನ ತಮ್ಮನೇ.

"ಅದೃಷ್ಟ ಅಂದ್ರೆ ನಿಮ್ದೇ ಭಾವ. ಬಿಸಿನೀರು ನಿಮ್ಗೆ ತಾಗೋದೇ ಇಲ್ವಲ್ಲ. ಅಕ್ಕನ ಜಾಗದಲ್ಲಿ ನೀವೇ ಕೂತ್ಕೊಳ್ಳಿ."

ಇಡೀ ಬೀದಿಗೆ ಅದು ಸರಿ ಅನ್ನಿಸಿತು. ಚರಕದವರೆಲ್ಲ ಪಕ್ಕದಲ್ಲಿ ತಣ್ಣೀರಿನ ಬಟ್ಟಲು ಇಟ್ಟುಕೊಂಡು ಗಳಿಗೆಗೊಮ್ಮೆ ಬೆರಳು ಅದ್ದುತ್ತಾರೆ, ಇವರಿಗೆ ಆ ಬಟ್ಟಲೂ ಬೇಡ. ವರ ಅಂದರು. ನಮ್ಮ ಅತ್ತೆಯೂ ಅಂದರು. ರೇಷ್ಮೆ ಊರಿನವರಿಗೆ ಮಾತ್ರ ಹೊಳೆಯುವ ಯೋಚನೆ ಅದು. ನೀರು ಮಿತಿಮೀರಿ ಕಾದದ್ದನ್ನು ಮೊದಲು ಹೇಳುವುದು ಬೆರಳೇ, ಆಗ ತಾನೇ ಒಲೆಯಿಂದ ಒಂದು ಸೌದೆ ಹಿಂದಕ್ಕೆ ಎಳೆಯುವುದು. ಅದು ಯಾರಿಗೂ ನೆನಪಾಗಲಿಲ್ಲ.

ಅಣ್ಣನಿಗೆ ನೆನಪಾಯಿತು. ಬೆಂಗಳೂರಿಗೆ ಹೋಗಿ ಉದ್ದನೆಯ ಥರ್ಮಾಮೀಟರ್ ತಂದು ಬಾಣಲೆಗೆ ನೇತುಹಾಕಿದರು. ಅದನ್ನು ನೋಡುವುದು, ಸೌದೆ ಎಳೆಯುವುದು. ಎಳೆಯ ತುದಿಯನ್ನು ಕಣ್ಣಿನಿಂದಲೇ ಹುಡುಕಬೇಕು, ಹಾಗಾಗಿ ಮುಖ ಹಬೆಯೊಳಗೇ ಇರುತ್ತಿತ್ತು. ಕೆಲಸ ನಿಧಾನ, ಆದರೂ ನಡೆಯಿತು.

ಹೆಣ್ಣುಮಗು ಹುಟ್ಟಿತು. ಅಣ್ಣ ಅದನ್ನು ಕೈಯಿಂದ ಮುಟ್ಟುತ್ತಿರಲಿಲ್ಲ, ಬಗ್ಗಿ ಕೆನ್ನೆಯನ್ನು ಮಗುವಿನ ಪಾದಕ್ಕೆ ತಾಗಿಸುತ್ತಿದ್ದರು. "ಕೈಗೆ ಗೊತ್ತಾಗಲ್ಲ, ಕೆನ್ನೆಗೆ ಗೊತ್ತಾಗುತ್ತೆ" ಅಂದಿದ್ದರು ಒಮ್ಮೆ, ನಾನು ನೋಡುತ್ತಿದ್ದುದನ್ನು ಕಂಡು. ಬಾಣಂತನ ಮುಗಿಯುವಷ್ಟರಲ್ಲಿ ಅಕ್ಕನ ಬೆರಳಿನ ಸೀಳು ಮುಚ್ಚಿತ್ತು. ಗೋಡೆಯಾಚೆಯಿಂದ ಕೈ ಚಾಚಿ, "ನೋಡೇ, ಹೊಸ ಚರ್ಮ" ಎಂದು ತೋರಿಸಿದಳು. ಮುಟ್ಟಿ ನೋಡಿದೆ, ಮೆತ್ತಗಿತ್ತು. ನನಗೆ ತುಂಬ ಸಂತೋಷವಾಗಿತ್ತು ಅವತ್ತು.

ಗೂಡಿನ ಬುಟ್ಟಿ ತಗುಲಿ ಥರ್ಮಾಮೀಟರ್ ಒಡೆದದ್ದು ಅದಾದ ಸ್ವಲ್ಪ ದಿನಕ್ಕೆ. ಆಗಲೇ ಗೂಡು ನೀರಿನಲ್ಲಿತ್ತು. "ಇವತ್ತೊಂದಿನ ಹಂಗೇ ಮಾಡಿ ಭಾವ, ನಾಳೆ ತಂದ್ರಾಯ್ತು" ಅಂದ ತಮ್ಮ. ಅಕ್ಕ ತಾನು ಕೂರುತ್ತೇನೆ ಅಂದಳು. ಅಣ್ಣ ಬೇಡವೆಂದು ಕುಳಿತರು.

ನಾನು ಹಿತ್ತಲಲ್ಲಿ ಬಟ್ಟೆ ಒಣಗಹಾಕುತ್ತಿದ್ದೆ. ಚಕ್ರ ತಿರುಗಿಸುತ್ತಿದ್ದ ತಮ್ಮ, "ಇದೇನ್ ಭಾವ, ನೂಲು ಕೆಂಪಗಾಗ್ತಿದೆ" ಅಂದದ್ದು ಕೇಳಿಸಿತು. ತಿರುಗಿ ನೋಡಿದೆ. ಹಳದಿ ನೂಲಿನಲ್ಲಿ ಕೆಂಪು ಸುತ್ತಿಕೊಂಡಿತ್ತು. ಅಣ್ಣ ನೀರಿನಿಂದ ಕೈ ಎತ್ತಿ ನೋಡಿಕೊಂಡರು. ಬೆರಳಿನ ಚರ್ಮ ಇರಲಿಲ್ಲ. "ನೀರು ಜಾಸ್ತಿ ಕಾದಿತ್ತು ಅನ್ಸುತ್ತೆ" ಅಂದರು, ಮೆಲ್ಲಗೆ. ಮಗುವನ್ನು ಎತ್ತಿಕೊಂಡು ಬಂದ ಅಕ್ಕ ಬಾಗಿಲಲ್ಲೇ ನಿಂತಳು. ನನ್ನ ಕೈಯಲ್ಲಿದ್ದ ಒದ್ದೆ ಸೀರೆಯನ್ನು ಹಿಂಡುತ್ತಲೇ ಇದ್ದೆ...

ಗಾಯ ಮಾಯಲಿಲ್ಲ. ಬೆಂಗಳೂರಿನ ಆಸ್ಪತ್ರೆಯಲ್ಲಿ ಬಲಗೈಯನ್ನು ಮಣಿಕಟ್ಟಿನವರೆಗೆ ತೆಗೆದರು. ಅವರು ಮನೆಗೆ ಬರುವ ಹೊತ್ತಿಗೆ ಅಕ್ಕ ಚರಕದ ಮುಂದೆ ಕುಳಿತಾಗಿತ್ತು, ಮಗುವಿಗೆ ಶೆಡ್ಡಿನಲ್ಲೇ ಜೋಲಿ ಕಟ್ಟಿ. ಅಣ್ಣ ಬಾಗಿಲ ಬಳಿ ಕುಳಿತು ಕಾಲಿನಿಂದ ಜೋಲಿಯ ಹಗ್ಗ ಎಳೆಯುತ್ತಿದ್ದರು. ಅವಳ ಕೈ ನೀರಿಗೆ ಇಳಿಯುವಾಗ ಮುಖ ಬೀದಿಯ ಕಡೆಗಿರುತ್ತಿತ್ತು. ಮಜ್ಜಿಗೆ ಕೊಟ್ಟರೆ ಕುಡಿಯುತ್ತಿದ್ದರು. ಹಿಮದ ಮಾತು ಮತ್ತೆ ಬರಲಿಲ್ಲ. ಆಮೇಲೆ ತಮ್ಮ ಚರಕ ಮಾರಿದ. ಅಕ್ಕ, ಅಣ್ಣ ಮುರುಗಮಲ್ಲದ ಕಡೆ ಯಾರದೋ ಚರಕಕ್ಕೆ ಕೆಲಸಕ್ಕೆ ಹೋದರು.

ಎಷ್ಟೋ ವರ್ಷಗಳ ಮೇಲೆ ಚಿಂತಾಮಣಿ ಬಸ್ ಸ್ಟ್ಯಾಂಡಿನಲ್ಲಿ ಅಕ್ಕ ಸಿಕ್ಕಳು. "ಹೋದ್ರು ಕಣಮ್ಮ, ಹೋದ್ ವರ್ಷ" ಅಂದಳು. ನನಗೆ ಅಳು ಬರಲಿಲ್ಲ. ನನ್ನನ್ನು ಕಲ್ಲು ಅನ್ನುತ್ತಿದ್ದರು ಅತ್ತೆ, ಅವರು ಹೇಳಿದ್ದು ಸುಳ್ಳಲ್ಲ. ಎರಡು ಟೀ ಹೇಳಿದೆ. ಲೋಟ ಹಿಡಿಯಲಾಗದಷ್ಟು ಸುಡುತ್ತಿತ್ತು, ಸೆರಗು ಸುತ್ತಿ ಹಿಡಿದೆ. ಅಕ್ಕ ಬರಿಗೈಯಲ್ಲಿ, ಎರಡೂ ಅಂಗೈ ಸೇರಿಸಿ ಲೋಟವನ್ನು ಬಳಸಿ ಹಿಡಿದುಕೊಂಡಳು.

"ಬಿಸಿ ಇದೆ ಅಕ್ಕ, ನೋಡ್ಕೊಂಡು."

"ಇದ್ಯಾ? ನಂಗೀಗ ಗೊತ್ತಾಗಲ್ಲ ಕಣಮ್ಮ" ಅಂದಳು. ಟೀ ಕುಡಿದಳು. ಮುರುಗಮಲ್ಲದ ಬಸ್ಸು ಬಂತು, ಹತ್ತಿ ಹೋದಳು.

ಮೊನ್ನೆ ಐಸು ಕರಗಿ ಟವೆಲ್ ತೊಯ್ದು ಅಡುಗೆಮನೆಯ ತುಂಬ ನೀರಾಯಿತು. ಒರೆಸಿ, ಹಿಂಡಿ, ಮತ್ತೆ ಒರೆಸಿದೆ. ಬೆರಳು ಜೋಮು ಹಿಡಿದಿತ್ತು, ಒಂದಕ್ಕೊಂದು ಉಜ್ಜಿದರೂ ಏನೂ ಗೊತ್ತಾಗುತ್ತಿರಲಿಲ್ಲ. ಸುಮ್ಮನೆ ಆ ಕೈಯನ್ನು ಕೆನ್ನೆಗೆ ಇಟ್ಟುಕೊಂಡೆ. ಕೆನ್ನೆಗೆ ಗೊತ್ತಾಯಿತು.