ಪಿತೃಪಕ್ಷದಲ್ಲಿ ಬರಬೇಕಿದ್ದ ಬ್ಯಾಟರಿ

ನನ್ನ ಮಾವನವರು ಧಾರವಾಡದಲ್ಲಿ ಹೆಡ್‌ಮಾಸ್ತರರಾಗಿದ್ದವರು. ಎರಡು ವರ್ಷಗಳಿಂದ ಹ್ಯೂಸ್ಟನ್ನಿನಲ್ಲಿ ನಮ್ಮ ಜೊತೆಗಿದ್ದಾರೆ. ಅವರ ಶ್ವಾಸಕೋಶ ಸೋತಿದೆ. ಗಾಳಿಯಿಂದ ಆಮ್ಲಜನಕ ತೆಗೆದುಕೊಡುವ ಯಂತ್ರವೊಂದು ಅವರ ಕುರ್ಚಿಯ ಪಕ್ಕದಲ್ಲಿ ಸದಾ ಗುರುಗುಡುತ್ತಿರುತ್ತದೆ. ಕರೆಂಟ್ ಹೋದರೆ ಅದೂ ನಿಲ್ಲುತ್ತದೆ. ಆಮೇಲೆ ಆಮ್ಲಜನಕದ ಸಿಲಿಂಡರ್ ಎಷ್ಟು ಹೊತ್ತು ಬರುತ್ತದೋ ಅಷ್ಟೇ.

ಹೋದ ವರ್ಷದ ಚಂಡಮಾರುತಕ್ಕೆ ನಾಲ್ಕು ದಿನ ಕರೆಂಟ್ ಇರಲಿಲ್ಲ. ಮಾವನವರನ್ನು ಕಾರಿನಲ್ಲಿ ಕೂರಿಸಿಕೊಂಡು, ಆಸ್ಟಿನ್ ಹತ್ತಿರದ ಸೀಡರ್ ಪಾರ್ಕಿನಲ್ಲಿರುವ ನನ್ನ ಗಂಡನ ಗೆಳೆಯರ ಮನೆಗೆ ಓಡಿದೆವು. ಅವರು ಬಹಳ ಚೆನ್ನಾಗಿ ನೋಡಿಕೊಂಡರು. ಆದರೆ ಪರರ ಸೋಫಾದ ಮೇಲೆ ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು ಕೂತ ಮಾವ ಆ ನಾಲ್ಕು ದಿನ ಯಾರ ಮುಖವನ್ನೂ ನೆಟ್ಟಗೆ ನೋಡಲಿಲ್ಲ. ಮನೆಯ ಮೇಲೆ ಸೋಲಾರ್, ಗ್ಯಾರೇಜಿನಲ್ಲಿ ಬ್ಯಾಟರಿ ಹಾಕಿಸಲೇಬೇಕೆಂದು ಅಲ್ಲೇ ತೀರ್ಮಾನಿಸಿದೆ.

ನಾನು ಹ್ಯೂಸ್ಟನ್ನಿನ ತೈಲ ಕಂಪನಿಗಳೇ ತುಂಬಿರುವ ಎನರ್ಜಿ ಕಾರಿಡಾರ್ ಎಂಬ ಕಡೆ ಅಂಥ ಕಂಪನಿಯೊಂದರ ಎಂಜಿನಿಯರ್. ಸೋಲಾರ್ ಎಂದಾಗ ಜೊತೆಯವರು, ಎಣ್ಣೆಯ ಸಂಬಳ ತಿಂದು ಬಿಸಿಲಿಗೆ ಸಲಾಮು ಹೊಡೆಯುತ್ತೀಯಾ ಎಂದು ಕಾಲೆಳೆದರು. ಎಳೆಯಲಿ ಎಂದುಕೊಂಡೆ.

ಈ ವರ್ಷ ಬೇಸಿಗೆಯಲ್ಲಿ ಹೊಸ ಕಾನೂನು ಬಂತು. ಸೋಲಾರ್, ಬ್ಯಾಟರಿ ಹಾಕಿಸಿದ ಮನೆಯವರಿಗೆ ಖರ್ಚಿನ ನೂರಕ್ಕೆ ಮೂವತ್ತು ಭಾಗ ಆದಾಯ ತೆರಿಗೆಯಲ್ಲಿ ವಜಾ ಆಗುತ್ತಿತ್ತಲ್ಲ, ಅದು ಡಿಸೆಂಬರ್ ಕೊನೆಗೆ ಮುಗಿಯುತ್ತದೆ. ಸಹಿ ಮಾಡಿದ್ದರೆ ಸಾಲದು, ಅಷ್ಟರಲ್ಲಿ ಕೆಲಸವೇ ಮುಗಿದಿರಬೇಕು. ಆ ವಜಾ ಇಲ್ಲದೆ ಪೂರ್ತಿ ಖರ್ಚು ನಮ್ಮ ಕೈಗೆ ಎಟುಕುವಂಥದ್ದಲ್ಲ. ಡಲ್ಲಾಸಿನ ಕಂಪನಿಯೊಂದರ ಹುಡುಗಿ ಬಂದು ಛಾವಣಿ ಅಳೆದು, ಈಗಲೇ ಸಹಿ ಮಾಡಿ, ಆಮೇಲೆ ನೂಕುನುಗ್ಗಲು ಎಂದಳು. ಆಷಾಢ ನಡೆಯುತ್ತಿತ್ತು. ಮನೆಯಲ್ಲಿ ಹಿರಿಯರಿದ್ದಾರೆ, ಸ್ವಲ್ಪ ತಡೆಯಿರಿ ಎಂದೆ. ಅವಳಿಗೆ ಏನು ಅರ್ಥವಾಯಿತೋ, ತಲೆಯಾಡಿಸಿದಳು.

ಶ್ರಾವಣದಲ್ಲಿ ಸಹಿ ಮಾಡಿದೆ. ಬಡಾವಣೆಯ ಸಂಘದ ಒಪ್ಪಿಗೆ, ಪರ್ಮಿಟ್ ಎಲ್ಲ ಮುಗಿದು ಕೆಲಸಗಾರರು ಬರುವ ದಿನ ಗೊತ್ತಾಯಿತು. ಕ್ಯಾಲೆಂಡರ್ ನೋಡಿದೆ: ಪಿತೃಪಕ್ಷದ ನಟ್ಟನಡು. ಮಾವನವರಿಗೆ ಬೇಸರವಾಗುತ್ತದೆ ಎಂದು ಗಂಡನಿಗೆ ಹೇಳಿ, ದಸರಾ ಮುಗಿದ ಮೇಲೆ ಬನ್ನಿ ಎಂದು ನಾನೇ ಫೋನ್ ಮಾಡಿದೆ. ಅಷ್ಟರಲ್ಲಿ ಅರ್ಧ ಟೆಕ್ಸಸ್ ಸಾಲಿನಲ್ಲಿ ನಿಂತಿತ್ತು. ನಮಗೆ ಸಿಕ್ಕಿದ್ದು ಜನವರಿ. ತಲೆ ಚಚ್ಚಿಕೊಂಡೆ, ಆದರೆ ಮಾವನವರಿಗೆ ಹೇಳಲಿಲ್ಲ.

ಅಕ್ಟೋಬರಿನ ಒಂದು ಮಧ್ಯಾಹ್ನ ಗುಡುಗು ಮಳೆಗೆ ಕರೆಂಟ್ ಹೋಯಿತು. ಯಂತ್ರ ನಿಂತು, ಅದರ ಅಲಾರಂ ಕಿರುಚತೊಡಗಿತು. ಸಿಲಿಂಡರ್ ಎಳೆದು ತಂದು ನಳಿಕೆ ಜೋಡಿಸಿದೆ. ಮಾವ ಸ್ವಲ್ಪ ಸುಧಾರಿಸಿಕೊಂಡು ಕೇಳಿದರು:

"ಆ ಬ್ಯಾಟರಿ ತರಸ್ತೀನಿ ಅಂದಿದ್ದೆಲ್ಲವಾ, ಎಲ್ಲಿಗೆ ಬಂತು?"

ಇನ್ನು ಮುಚ್ಚಿಡಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ.

"ಪಿತೃಪಕ್ಷದಾಗ ಬ್ಯಾಡ ಅಂತ ಯಾರಂದ್ರು?"

"ನೀವು ಬೇಡ ಅಂತೀರ ಅಂದ್ಕೊಂಡೆ ಮಾವ."

"ನನ್ನ ಕೇಳಿದ್ಯೇನು?"

ನಾನು ಅವರ ನಳಿಕೆ ಸರಿಪಡಿಸಲು ಹೋದೆ. ಅವರು ಉಸಿರು ಹಿಡಿದು ಹಿಡಿದು ಮಾತಾಡಿದರು. "ಉಸಿರಾಡ್ಲಿಕ್ಕೂ ಮುಹೂರ್ತ ನೋಡ್ತಾರೇನವಾ? ಅಂಜಿಕಿ ನಿಂದಿದ್ರ ನಂದು ಅಂತ ಹೇಳು. ನನ್ನ ಹೆಸರಿಗೆ ಹಚ್ಚಬ್ಯಾಡ."

ಕೆನ್ನೆಗೆ ಬಾರಿಸಿದಂತಾಯಿತು. ಏಕೆಂದರೆ ಅದು ನಿಜ. ಈ ಮನೆಗೆ ನಾವು ಬಂದದ್ದು ಆಷಾಢದಲ್ಲಿ. ಯಾವ ಕಾಲದಲ್ಲಿದ್ದೀರಿ ಎಂದು ಮೈಸೂರಿನ ಅಮ್ಮನನ್ನು ಫೋನಿನಲ್ಲೇ ಗದರಿಸಿ, ಹಾಲುಕ್ಕಿಸಿದ್ದೆ. ಅದೇ ವರ್ಷ ನನ್ನ ಮೊದಲ ಬಸಿರು ನಿಲ್ಲಲಿಲ್ಲ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲವೆಂದು ಡಾಕ್ಟರ್ ಹೇಳಿದರು, ನಾನೂ ಒಪ್ಪಿದೆ. ಒಪ್ಪಿದವಳು ಅಂದಿನಿಂದ ಕ್ಯಾಲೆಂಡರ್ ನೋಡದೆ ಮನೆಗೊಂದು ಫ್ರಿಜ್ಜನ್ನೂ ತಂದಿಲ್ಲ. ಆಫೀಸಿನಲ್ಲಿ ಎಂಜಿನಿಯರ್ ಅಂತ ಮೆರೆಯುವವಳಿಗೆ ಇದನ್ನು ಹೇಳಿಕೊಳ್ಳಲು ನಾಚಿಕೆ. ಹಾಗಾಗಿ ಪ್ರತಿ ಸಲವೂ ಮಾವನವರನ್ನು ಮುಂದಿಟ್ಟೆ. ಪಾಪ, ಆ ಮನುಷ್ಯ ಪಂಚಾಂಗ ತೆರೆದದ್ದನ್ನು ನಾನು ನೋಡಿಯೇ ಇಲ್ಲ.

"ಅಂಜಿಕೆ ನಂದೇ ಮಾವ," ಎಂದೆ. ಅಳು ಬಂತು. ಅವರು ನನ್ನ ಕೈ ತಟ್ಟಿದರು.

ಕರೆಂಟ್ ಬರುವ ಮೊದಲೇ ಡಲ್ಲಾಸಿಗೆ ಫೋನ್ ಮಾಡಿ ಗೋಗರೆದೆ. ಛಾವಣಿಗೆ ಸೋಲಾರ್ ಪ್ಯಾನೆಲ್ ಹಾಕುವವರು ಈ ವರ್ಷ ಸಿಗಲು ಸಾಧ್ಯವೇ ಇಲ್ಲ, ಆದರೆ ಬ್ಯಾಟರಿ ಮಾತ್ರ ಸಾಕಾದರೆ ಒಂದು ದಿನ ಖಾಲಿಯಿದೆ ಎಂದಳು ಆ ಹುಡುಗಿ. ಬ್ಯಾಟರಿಯನ್ನು ಲೈನ್ ಕರೆಂಟಿನಿಂದಲೇ ಚಾರ್ಜ್ ಮಾಡಬಹುದು, ಅದಕ್ಕೂ ತೆರಿಗೆ ವಜಾ ಸಿಗುತ್ತದೆ. ಪ್ಯಾನೆಲ್ಲಿನ ವಜಾ ಹೋದರೆ ಹೋಗಲಿ ಎಂದುಕೊಂಡೆ. ಅವಳು ಹೇಳಿದ ದಿನ ಡಿಸೆಂಬರ್ ಮೂರನೇ ವಾರದಲ್ಲಿತ್ತು. ಕ್ಯಾಲೆಂಡರ್ ನೋಡಬೇಕಾಗಿರಲಿಲ್ಲ, ಧನುರ್ಮಾಸ.

ಫೋನಿಗೆ ಕೈ ಅಡ್ಡ ಹಿಡಿದು ಮಾವನವರ ಕಡೆ ತಿರುಗಿದೆ. "ಧನುರ್ಮಾಸ ಮಾವ. ಆಗಬಹುದಾ?"

"ನನಗೇನು ಕೇಳ್ತಿ?" ಎಂದರು ಅವರು. "ನಿನಗ ನಡೀತದೇನು, ಅದನ್ನ ಹೇಳು."

ಹೆದರಿಕೆ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಸಿಲಿಂಡರಿನ ಮೀಟರಿನ ಮುಳ್ಳು ಅರ್ಧಕ್ಕಿಂತ ಕೆಳಗಿಳಿದಿತ್ತು. ಬನ್ನಿ ಎಂದು ಫೋನಿನಲ್ಲಿ ಹೇಳಿದೆ.